ಮಂಗೋಲಿಯಾ ಬೋರ್ಡ್: ರಾಜಧಾನಿದಾಗ ಕಾಳು ಹಿಡಸ್ವಲ್ದು

ಮಂಗೋಲಿಯಾ ನಕ್ಷಿ ಬೋರ್ಡಿನ ಮ್ಯಾಲ ಜನ ಎಲ್ಲೆಲ್ಲಿ ಎಷ್ಟು ಅದಾರ ಅಂತ ತೋರಸ್ಲಿಕ್ಕ ತೊಗರಿ ಕಾಳು ಅಂಟಸ್ಲಿಕತ್ತಿದ್ದೆ. ಅಂತೂ ಇಂತೂ ಅದರ ರಾಜಧಾನಿ ಉಲಾನ್‌ಬಾತರ್ ಬಗೀಹರೀತು. ಪ್ಲೈವುಡ್ ಕಟಿಂಗ್, ಪ್ರೈಮರ್, ಗಡಿ ಗೆರಿ ಎಳೆಯೋದು ಎಲ್ಲಾ ನಿಮಗ ಗೊತ್ತಿದ್ದದ್ದೇ, ಅದನ್ನ ಬರ್ಯಂಗಿಲ್ಲ. ಸ್ಕೇಲ್ ಅಷ್ಟ ಹೇಳ್ತೀನಿ: 1 ಸೆಂಟಿಮೀಟರ್‌ಗೆ 20 ಕಿಲೋಮೀಟರ್, ಒಂದು ತೊಗರಿ ಕಾಳಿಗೆ 10,000 ಜನ. ಪ್ರೊಜೆಕ್ಷನ್, ಅಂದ್ರ ಗುಂಡನ ಭೂಮಿನ ಚಪ್ಪಟ ನಕ್ಷಿಗಿ ಇಳಸೂ ರೀತಿ, ಆಲ್ಬರ್ಸ್ ಈಕ್ವಲ್ ಏರಿಯಾ, ಇದ್ರಾಗ ನೆಲದ ಅಳತಿ ಹೆಚ್ಚು ಕಮ್ಮಿ ಆಗಂಗಿಲ್ಲ. ಮೊಬೈಲ್ ಮ್ಯಾಪ್‌ನಾಗ ಇರೂ ಮರ್ಕೇಟರ್ ರೀತಿ ಯಾಕ ಬ್ಯಾಡ ಅಂದ್ರ, 46 ಡಿಗ್ರಿ ಅಕ್ಷಾಂಶದ ಹತ್ರ ಅದು ನೆಲಾನ ಡಬಲ್ ಮಾಡಿ ತೋರಸ್ತದ, ನಮ್ಮ 17 ಡಿಗ್ರಿದಾಗ ಬರೇ ಹತ್ತು ಪರ್ಸೆಂಟ್ ಉಬ್ಬಸ್ತದ, ಹಿಂಗಾಗಿ ಮೊಬೈಲ್ ಮ್ಯಾಪ್ ಮ್ಯಾಲ ಕಲಬುರಗಿ ಬಾಜೂ ಇಟ್ಟು ನೋಡಿದ್ರ ಮಂಗೋಲಿಯಾ ಇದ್ದದ್ದಕ್ಕಿಂತ ಹೆಚ್ಚು ಕಮ್ಮಿ ಎರಡು ಪಟ್ಟು ಕಾಣ್ತದ. ಖರೆ ಅಳತಿನೇ 15.64 ಲಕ್ಷ ಚದರ ಕಿಲೋಮೀಟರ್ ಅದ, ಎಂಟು ಕರ್ನಾಟಕ. ಮತ್ತ ಉಬ್ಬಸೂ ಗರಜೇ ಇಲ್ಲ.

ಆದ್ರೂ ಉಬ್ಬಿಸಿದ್ರು. ಫ್ಲೆಕ್ಸ್ ಅಂಗಡಿಯವರು. 120 ಬಾಯ್ 63 ಸೆಂಟಿಮೀಟರ್ ಅಂತ ನಕ್ಷಿ ಫೈಲ್‌ನಾಗೇ ಬರ್ದು ಕೊಟ್ಟಿದ್ದೆ, ಮ್ಯಾಲ ಕೆಳಗ ಬಿಳಿ ಜಾಗ ಉಳೀತದ ಅಂತ ಪುಣ್ಯಾತ್ಮ 76ಕ್ಕ ಎಳದು ಪ್ರಿಂಟ್ ಹೊಡದಾನ. ಕೇಳಿದ್ರ "ಖಾಲಿ ಕಾಣ್ಲಿಕತ್ತಿತ್ತು ರೀ ಸರ್, ಫುಲ್ ಮಾಡೀನಿ" ಅಂದ. ಅವನ ಆ ಒಂದು ಕ್ಲಿಕ್ಕಿಗೆ ಮೂರು ಲಕ್ಷ ಚದರ ಕಿಲೋಮೀಟರ್ ನೆಲ ಹೆಚ್ಚಾಯ್ತು, ಅಂದ್ರ ಒಂದೂವರೆ ಕರ್ನಾಟಕ ಪುಕ್ಕಟೆ! ರೊಕ್ಕ ಮಾತ್ರ ಪುಕ್ಕಟೆ ಅಲ್ಲ, ಎರಡನೇ ಪ್ರಿಂಟಿಗೂ ತಗೊಂಡ.

ಈಗ ಅಸಲಿ ತಲಿನೋವಿಗಿ ಬರ್ತೀನಿ. ಇಡೀ ದೇಶದ ಜನ ಸುಮಾರು 35 ಲಕ್ಷ, ಅಂದ್ರ 350 ಕಾಳು. ಬೋರ್ಡಿನ ಮ್ಯಾಲ ದೇಶದ ಜಾಗ 3,900 ಚದರ ಸೆಂಟಿಮೀಟರ್. ಲೆಕ್ಕದ ಪ್ರಕಾರ ಭಾಳ ಆರಾಮ, ಒಂದೊಂದು ಕಾಳಿಗಿ ಅಂಗೈಯಷ್ಟಲ್ಲದಿದ್ರೂ ಬೆಂಕಿಪೊಟ್ಟಣದಷ್ಟು ಜಾಗರೆ ಸಿಗ್ತದ. ಆದ್ರ ಆ ಲೆಕ್ಕದ ಹಂಗ ಅಲ್ಲಿ ಯಾರೂ ಬದುಕಂಗಿಲ್ಲ. ಅರ್ಧಕ್ಕರ್ಧ ಮಂದಿ ಉಲಾನ್‌ಬಾತರ್ ಒಂದರಾಗೇ ಅದಾರ. ಹದಿನಾರು, ಹದಿನೇಳು ಲಕ್ಷ ಅಂದ್ರ 165ರ ಆಸುಪಾಸು ಕಾಳು, ಆ ಊರಿನ ಆಡಳಿತದ ಗಡಿ 4,704 ಚದರ ಕಿಲೋಮೀಟರ್, ನನ್ನ ಬೋರ್ಡಿನಾಗ ಅದು ಬರೇ 12 ಚದರ ಸೆಂಟಿಮೀಟರ್. ಒಂದು ಪದರಿನಾಗ ಅಂಟಿಸಿದ್ರ ಇದರ ಐದು ಪಟ್ಟು ಜಾಗ ಬೇಕು. ಅಂಟಿಸ್ತಾ ಹೋದಂಗ ಕಾಳು ಗಡಿ ದಾಟಿ ಬಾಜೂ ಪ್ರಾಂತ್ಯದಾಗ ಹೊಕ್ಕೋತ ನಡದ್ವು. ಅದ್ರಾಗ ಆ 12 ಸೆಂಟಿಮೀಟರೂ ಪೂರಾ ಊರಲ್ಲ, ಗಡಿ ಒಳಗ ಗುಡ್ಡ ಅದಾವ, ಅಡವಿ ಅದ, ದೂರ ತುಂಡಾಗಿ ಬಿದ್ದ ಬಗನೂರ್ ಅದ. ಜನ ಇರೋದು ತೂಲ್ ನದಿ ಕಣಿವಿದಾಗ, ಮತ್ತ ಅದರ ಉತ್ತರದ ಗುಡ್ಡದ ಬದಿಗಿ ಹಬ್ಬಿದ ಗೆರ್ ಡೇರೆ ಬಡಾವಣಿದಾಗ.

ಸಾಸಿವಿ ಹಾಕಿ ನೋಡಿದೆ. ರಾಜಧಾನಿದಾಗ ಚೊಕ್ಕ ಹಿಡಸ್ತು, ಆದ್ರ ಉಳಿದ ದೇಶ ಮಾಯ, ನಾಲ್ಕು ಹೆಜ್ಜಿ ಹಿಂದ ನಿಂತ್ರ ಒಂದು ಕಾಳೂ ಕಾಣವಲ್ದು. ಒಂದು ಕಾಳಿಗೆ 50,000 ಜನ ಅಂದ್ರ ಪ್ರಾಂತ್ಯಕ್ಕ ಪ್ರಾಂತ್ಯನೇ ಒಂದೆರಡು ಕಾಳಿಗಿ ಬಂದು ನಿಂದರ್ತದ. ಇತ್ತ ಅವ್ವಂದು ಬ್ಯಾರೆ, "ತಿನ್ನೂ ಕಾಳಿಗಿ ಫೆವಿಕಾಲ್ ಬಡೀತಿಯಲ್ಲೋ, ತೊಗರಿ ರೇಟ್ ಗೊತ್ತದೇನು ನಿನಗ?" ಗಂಜ್‌ನಾಗ ತಂದ ಮೊದಲನೇ ಚೀಲದಾಗ ಹುಳ ಇದ್ವು, ಅಂಟಿಸಿದ ಮ್ಯಾಲ ಕಾಳಿಗಿ ತೂತು ಬಿದ್ದು ಗೋಬಿ ಮರುಭೂಮಿ ಜನಸಂಖ್ಯೆ ತಾನಾಗೇ ಇಳೀಲಿಕತ್ತಿತ್ತು. ಬಿಸಲಾಗ ಛಲೋತ್ನಂಗ ಒಣಗಿಸಿ ವಾರ್ನಿಷ್ ಕುಡಿಸ್ರಿ, ಇಲ್ಲಾಂದ್ರ ನಿಮ್ದೂ ಇದೇ ಗತಿ.

ಕಡೀಕ ಬಗೀಹರದದ್ದು ಅಂಟಸೋದು ಬಿಟ್ಟ ಮ್ಯಾಲ. ಊರಿನ ಗಡಿ ಆಕಾರದಾಗೇ ಅಕ್ರಿಲಿಕ್ ಗ್ವಾಡಿ ಎಬ್ಬಿಸಿ ಕಾಳು ಸುರುವಿದೆ. ಎರಡು ಸೆಂಟಿಮೀಟರ್ ಎತ್ತರ ಬಂತು. ಸುತ್ತಲ ದೇಶ ಬಯಲು, ನಡಕ ಒಂದು ತೊಗರಿ ಕ್ವಾಟಿ.

ಈ ಮಜಾ ಹತ್ತಿದ ಮ್ಯಾಲ ಬಾಜೂಕ ಅದೇ ಸ್ಕೇಲ್‌ನಾಗ ಕಲಬುರಗಿ, ಯಾದಗಿರಿ ಎರಡೂ ಜಿಲ್ಲಾ ಕೂಡಿಸಿ ಒಂದು ಡಬ್ಬಿ ಮಾಡೀನಿ. 2011ರ ಜನಗಣತಿದಾಗ 25.66 ಲಕ್ಷ ಮತ್ತ 11.74 ಲಕ್ಷ, ಅಂದ್ರ 374 ಕಾಳು, ಮಂಗೋಲಿಯಾದ ಈಗಿನ ಲೆಕ್ಕಕ್ಕಿಂತ ಜಾಸ್ತಿ. ಡಬ್ಬಿ ತಳ ಎಷ್ಟು ಗೊತ್ತೇನು, ಆರೂವರೆ ಸೆಂಟಿಮೀಟರ್ ಚೌಕನೂ ಇಲ್ಲ. ನಮ್ಮಂಥ ಎರಡು ಜಿಲ್ಲಾದ ಜಾಗ 96 ಸಲ ಹಾಸಿದ್ರ ಮಂಗೋಲಿಯಾ ಮುಚ್ತದ. ಅಕ್ಕನ ಮಗ ಬಂದು ನೋಡಿ "ಮಾಮಾ, ಎರಡೂ ಕಡಿ ಕಾಳು ಅಷ್ಟ ಅವ ಏನ್ರಿ?" ಅಂತ ಎರಡು ಸಲ ಕೇಳಿದ. ಚದರ ಕಿಲೋಮೀಟರಿಗಿ ಇಬ್ಬರು ಅಂತ ಎಷ್ಟು ಸಲ ಹೇಳಿದ್ರೂ ಅವನಿಗಿ ಹತ್ತಿದ್ದಿಲ್ಲ.

ಉಳಿದ 185 ಕಾಳಿಂದು ಇನ್ನೊಂದು ಕಥಿ. ನಕ್ಷಿ ಮಾಡೂ ಸಾಫ್ಟ್‌ವೇರ್ ಕ್ಯೂಜಿಐಎಸ್‌ನ ರ‍್ಯಾಂಡಮ್ ಪಾಯಿಂಟ್ಸ್ ನಂಬಬ್ಯಾಡ್ರಿ, ನೀರಿಲ್ಲದ ಉಸುಕಿನಾಗ ಒಯ್ದು ಕೂಡಸ್ತದ. ದಾರ್ಖಾನ್, ಎರ್ದೆನೆತ್ ಎರಡೂ ಸುಮಾರು ಲಕ್ಷದ ಊರು, ಹತ್ತತ್ತು ಕಾಳು, ಅವು ಸಲೀಸು. ಹಳ್ಳಿ ಕಡಿ ನಮ್ಮ ಹೋಬಳಿ ಇದ್ದಂಗ ಸುಮ್ ಅಂತ ಇರ್ತಾವ, 330ರ ಆಸುಪಾಸು, ಭಾಳಷ್ಟರಾಗ ಎರಡು ಮೂರು ಸಾವಿರ ಮಂದಿ, ಒಂದು ಕಾಳಿಗೆ ಮೂರ್ನಾಲ್ಕು ಸುಮ್ ಪಾಲು. ಮೂರೂ ಕೂಡೂ ಜಾಗದಾಗ ಇಟ್ರ ಅಲ್ಲಿ ನರಪಿಳ್ಳಿ ಇರಂಗಿಲ್ಲ, ಅದಕ್ಕ ಜಾಸ್ತಿ ಮಂದಿ ಇದ್ದ ಸುಮ್ ಕೇಂದ್ರದಾಗ ಇಟ್ಟೀನಿ. ದಕ್ಷಿಣದ ಓಮ್ನೊಗೋವಿ ಒಂದೇ ಪ್ರಾಂತ್ಯ 1.65 ಲಕ್ಷ ಚದರ ಕಿಲೋಮೀಟರ್, ಕರ್ನಾಟಕಕ್ಕಿಂತ ಸ್ವಲ್ಪ ಕಮ್ಮಿ, ಅದಕ್ಕ ಆರೇಳು ಕಾಳು!

ಇದನ್ನ ನೋಡಿನೇ ಗ್ರೀನ್‌ಲ್ಯಾಂಡ್ ಹುಚ್ಚು ಹತ್ಯಾದ. ಮರ್ಕೇಟರ್‌ನಾಗ ಆಫ್ರಿಕಾದಷ್ಟ ಕಾಣೂ ಅದು ಖರೆ ಅಂದ್ರ ಆಫ್ರಿಕಾದ ಹದಿನಾಲ್ಕರಾಗ ಒಂದು ಪಾಲು, ಅದ್ರಾಗೂ ಐದರಾಗ ನಾಲ್ಕು ಪಾಲು ಬರ್ಫು. ಜನ 57 ಸಾವಿರದ ಹತ್ರ, 2011ರಾಗೇ ಯಾದಗಿರಿ ಊರಾಗ 74 ಸಾವಿರ ಇದ್ರು. ತೊಗರಿ ಲೆಕ್ಕಕ್ಕ ಬಾಯಾಗ ಒಗಕೊಳ್ಳೂವಷ್ಟೂ ಆಗಂಗಿಲ್ಲ.

ಆದ್ರ ಅದಕ್ಕೂ ಮೊದಲ ಈ ಬೋರ್ಡಿಗಿ ಬಿಳಿ ಜೋಳದ ಪದರು ಆಗಬೇಕು, ದನಕರಕ್ಕ. ಕುರಿ, ಆಡು, ದನ, ಕುದುರಿ, ಒಂಟಿ ಐದೂ ಕೂಡಿ ಪ್ರತಿ ಡಿಸೆಂಬರ್‌ದಾಗ ಎಣಸ್ತಾರ. 2023-24ರ ಚಳಿಗಾಲದ ಜುಡ್ ಹೊಡತಕ್ಕ, ಅಂದ್ರ ಮೇವು ಸಿಗದಂಗ ಮಾಡೂ ಕೆಟ್ಟ ಚಳಿ ಹಿಮಕ್ಕ, 70 ಲಕ್ಷಕ್ಕಿಂತ ಜಾಸ್ತಿ ಸತ್ತೂ 2024ರ ಡಿಸೆಂಬರ್‌ದಾಗ 5.8 ಕೋಟಿ ಸುತ್ತಮುತ್ತ ಉಳದಿದ್ವು. ಒಂದು ಕಾಳಿಗೆ 10,000 ಅಂದ್ರ 5,800 ಜೋಳದ ಕಾಳು, ಚದರ ಸೆಂಟಿಮೀಟರಿಗಿ ಒಂದೂವರೆ. ಬೋರ್ಡಿನ ಮ್ಯಾಲ ಖಾಲಿ ಕಾಣೂ ಜಾಗ ಭಾಳಷ್ಟು ಇವುಗಳ ಮೇಯೂ ನೆಲ, ಜುಡ್ ಹೊಡದ ಮ್ಯಾಲ ಕುರಿ ಕಳಕೊಂಡವರು ಡೇರೆ ಕಿತ್ತು ಸೇರೋದು ಆ ತೊಗರಿ ಕ್ವಾಟಿಗೇ. ಎಣಸೂ ಕೆಲಸ ನನ್ನಿಂದ ಆಗಂಗಿಲ್ಲ, ನೂರು ಕಾಳು ತೂಗಿ 58ರಲೆ ಗುಣಸ್ತೀನಿ, ಪಾವ್ ಕಿಲೋ ಒಳಗ ಮುಗೀತದ. ಅವ್ವಗ ಇನ್ನಾ ಹೇಳಿಲ್ಲ.