ಹಂಡೆ ಒಲೆಯೊಳಗೆ ಬಿಸಿ ಎಷ್ಟಿರುತ್ತೆ?

ಮಲೆನಾಡಿನ ನಮ್ಮ ಮನೆ ಬಚ್ಚಲಲ್ಲಿ ಈಗಲೂ ತಾಮ್ರದ ಹಂಡೆಯೇ. ಅದರ ಒಲೆಯೊಳಗೆ ಬಿಸಿ ಎಷ್ಟಿರಬಹುದು ಅಂದರೆ ಜಾಸ್ತಿ ಜನ ಮುನ್ನೂರು ಡಿಗ್ರಿ ಅನ್ನುತ್ತಾರೆ. ಅಷ್ಟಕ್ಕೆ ಸೌದೆ ಹೊಗೆಯಾಡುತ್ತದೆ, ಅಷ್ಟೇ. ಒಲೆ ಚೆನ್ನಾಗಿ ಹತ್ತಿಕೊಂಡಾಗ ಉರಿ 800ರಿಂದ 1,000 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ಕೆಂಡದ ಬಣ್ಣ ನೋಡಿ ಅಂದಾಜು ಮಾಡಬಹುದು. ಮಂಕು ಕೆಂಪಾಗಿದ್ದರೆ 600ರ ಮೇಲೆ, ಕಿತ್ತಳೆ ಬಣ್ಣಕ್ಕೆ ತಿರುಗಿದರೆ 900ರ ಆಸುಪಾಸು.

ಪಿಸ್ತೂಲಿನ ಆಕಾರದ ಲೇಸರ್ ಥರ್ಮಾಮೀಟರನ್ನು ಉರಿಗೆ ಹಿಡಿದು ಬಂದ ಅಂಕಿಯನ್ನು ಸುಮ್ನೆ ನಂಬಬೇಡಿ. ಅದು ನೋಡುವುದು ಮೇಲ್ಮೈಯನ್ನು, ಉರಿಯನ್ನಲ್ಲ. ಹಂಡೆಯಲ್ಲಿ ನೀರು ಕುದಿಯುವಾಗ, ಹುಣಸೆಹಣ್ಣು ಹಾಕಿ ತಿಕ್ಕಿದ ಹೊಳೆಯುವ ಕಂಠಕ್ಕೆ ಹಿಡಿದರೆ ತೀರಾ ಕಡಿಮೆ ತೋರಿಸುತ್ತದೆ, ಪಕ್ಕದಲ್ಲೇ ಮಸಿ ಹಿಡಿದ ಜಾಗಕ್ಕೆ ಹಿಡಿದರೆ ನೂರರ ಹತ್ತಿರ ಬರುತ್ತದೆ. ಹೊಳೆಯುವ ತಾಮ್ರ ಶಾಖವನ್ನು ಸರಿಯಾಗಿ ಹೊರಸೂಸುವುದಿಲ್ಲ, ಅದಕ್ಕೇ ಈ ಮೋಸ.

ನಿಜವಾಗಿ ಉರಿಯುವುದು ಸೌದೆಯಿಂದ ಹೊರಡುವ ಅನಿಲ. ಒಣ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲು ಹೀಗೆ ಅನಿಲವಾಗಿಯೇ ಹೋಗುತ್ತದೆ. ಅದು ಬಿಸಿಯಾಗಿರುವಾಗಲೇ ಗಾಳಿ ಸಿಕ್ಕಿದರೆ ಉರಿ, ಇಲ್ಲದಿದ್ದರೆ ಹೊಗೆ. ಅಂದರೆ ಅಟ್ಟದಲ್ಲಿ ಜೋತಾಡುವ ಇಲ್ಲಣವೆಲ್ಲ ಉರಿಯದೆ ಉಳಿದ ಸೌದೆಯೇ, ಅಲ್ವಾ? ಹಸಿ ಸೌದೆಯ ತುದಿಯಲ್ಲಿ ಸುಂಯ್ ಅಂತ ನೊರೆ ಬರುತ್ತದಲ್ಲ, ಆ ನೀರು ಆವಿಯಾಗಿ ಮುಗಿಯುವ ತನಕ ಸೌದೆಯ ಆ ಭಾಗ ನೂರು ಡಿಗ್ರಿ ದಾಟುವುದಿಲ್ಲ, ಸುತ್ತಲಿನ ಬಿಸಿಯನ್ನೂ ಅದೇ ಎಳೆದುಕೊಳ್ಳುತ್ತದೆ. ಊದುಗೊಳವೆ ಹಿಡಿದು ಕಣ್ಣೀರು ಹಾಕಿದರೂ ಏನೂ ಆಗುವುದಿಲ್ಲ.

ಪಾತ್ರೆಯನ್ನು ಕಾಪಾಡುವುದೂ ನೀರೇ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಆದರೂ ನೀರು ತುಂಬಿದ ಪಾತ್ರೆಗೆ ಏನೂ ಆಗುವುದಿಲ್ಲ. ಖಾಲಿ ಪಾತ್ರೆ ಮರೆತು ಇಟ್ಟರೆ ಕಥೆ ಬೇರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಈ ಲೆಕ್ಕವೆಲ್ಲ ಇದೆ. ಬೆಂಕಿಯ ಗೂಡು ಮುಚ್ಚಿಕೊಂಡಿರುತ್ತದೆ, ಕೆಳಗಿನ ಜಾಲರಿಯಿಂದ ಗಾಳಿ ಬರುತ್ತದೆ, ಹೊಗೆ ಕೊಳವೆ ಅದನ್ನು ಮೇಲಕ್ಕೆ ಎಳೆಯುತ್ತದೆ. ನಮ್ಮ ಹಂಡೆ ಒಲೆಯ ಬಾಯಿ ಮಾತ್ರ ಬಾಗಿಲಿನ ಹಾಗೆ ತೆರೆದೇ ಇರುತ್ತದೆ. ತಣ್ಣನೆ ಗಾಳಿ ಬೇಕಾದ್ದಕ್ಕಿಂತ ಜಾಸ್ತಿ ನುಗ್ಗಿ ಒಲೆಯ ಬಿಸಿಯನ್ನೇ ತಗ್ಗಿಸುತ್ತದೆ. ಹಾಗಂತ ಸೌದೆ ತುರುಕಿ ಬಾಯಿ ಮುಚ್ಚಿದರೆ ಬರೀ ಹೊಗೆ. ಹೊಗೆ ಎದ್ದಾಗ ಇನ್ನೊಂದು ಕೊಳ್ಳಿ ಹಾಕುವ ಬದಲು ಇದ್ದದ್ದರಲ್ಲಿ ಒಂದನ್ನು ಹಿಂದಕ್ಕೆ ಎಳೆದು, ಒಣಗಿದ ಅಡಿಕೆ ಸಿಪ್ಪೆ ನಾಲ್ಕು ಹಾಕಿ ನೋಡಿ.