ರಾಧಾ, ಧಾರಾ: ಹೆಸರುಗಳನ್ನು ಮರುಜೋಡಿಸುವ ಪ್ರೋಗ್ರಾಂ

ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ ಅರ್ಥವುಳ್ಳ ಬೇರೆ ಪದ ಹುಡುಕಲೆಂದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಂ ‘ರಾಧಾ’ ಎಂಬ ಎರಡಕ್ಷರದ ಹೆಸರಿಗೇ ಮುಗ್ಗರಿಸಿತು. ಕಂಪ್ಯೂಟರ್ ಬರಹವನ್ನು ಸಂಕೇತಗಳಾಗಿ ಇಟ್ಟುಕೊಳ್ಳುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅದು ರ, ದೀರ್ಘದ ಚಿಹ್ನೆ, ಧ, ಮತ್ತೆ ಅದೇ ಚಿಹ್ನೆ ಎಂದು 4 ಸಂಕೇತಗಳಾಗಿರುವುದರಿಂದ 12 ಜೋಡಣೆಗಳು ಬಂದವು. ಅವುಗಳಲ್ಲಿ 6 ಜೋಡಣೆಗಳು ಆ ಚಿಹ್ನೆಯಿಂದಲೇ ಆರಂಭವಾಗಿ, ಅಂಟಿಕೊಳ್ಳಲು ಅಕ್ಷರವಿಲ್ಲದೆ ಪರದೆಯ ಮೇಲೆ ಚುಕ್ಕಿಗಳ ವೃತ್ತಕ್ಕೆ ಜೋತುಬಿದ್ದಿದ್ದವು. ಕಲಸಬೇಕಾದದ್ದು ಸಂಕೇತಗಳನ್ನಲ್ಲ, ಕಾಗುಣಿತದ ಇಡೀ ಅಕ್ಷರಗಳನ್ನು ಎಂದು ತಿದ್ದಿದ ಮೇಲೆ ‘ಧಾರಾ’ ಒಂದೇ ಉಳಿಯಿತು.

ಎಂಟು ಬೇರೆ ಬೇರೆ ಅಕ್ಷರಗಳಿಗೆ 40,320 ಜೋಡಣೆಗಳಿರುತ್ತವೆ. ಅವನ್ನೆಲ್ಲ ತಡಕುವ ಬದಲು, ನಿಘಂಟಿನ ಪ್ರತಿ ಪದದ ಅಕ್ಷರಗಳನ್ನೂ ಅಕಾರಾದಿಯಾಗಿ ಜೋಡಿಸಿ, ಅದನ್ನೇ ಕೀಲಿಯಾಗಿ, ಅಂದರೆ ಆ ಪದವನ್ನು ಹುಡುಕುವ ಗುರುತಾಗಿ, ಇಟ್ಟುಕೊಂಡರೆ, ಒಂದೇ ಕೀಲಿಯ ಪದಗಳು ತಾವಾಗಿಯೇ ಒಟ್ಟುಗೂಡುತ್ತವೆ.

‘ಲತಾ’ ‘ತಾಲ’ವಾಯಿತು. ‘ಮದನ’ನಿಗೆ ‘ದಮನ’ ಸಿಕ್ಕಿತು. ಶಿವನ ಹಣೆಗಣ್ಣಿಗೆ ಬೂದಿಯಾದ ಕಾಮನ ಕಥೆ ಬಲ್ಲವರಿಗೆ ಇದಕ್ಕಿಂತ ಅರ್ಥಪೂರ್ಣವಾದ ಜೋಡಿ ಬೇಕಿಲ್ಲವೆಂದೇ ನನ್ನ ಎಣಿಕೆ. ‘ರಾಮ’ ತಿರುಗಿದರೆ ‘ಮರಾ’. ಬೇಡನನ್ನು ವಾಲ್ಮೀಕಿಯಾಗಿಸಿತೆಂದು ಜನ ಹೇಳುವ ಜಪ ಅದೇ ಅಲ್ಲವೇ? ಅಕ್ಷರವನ್ನೂ ಒಡೆದು ಸ್ವರ-ವ್ಯಂಜನಗಳನ್ನು ಬಿಡಿಬಿಡಿಯಾಗಿ ಎಣಿಸಲು ಹೇಳಿದಾಗ, ಅದೇ ಗುಂಪಿಗೆ ‘ರಮಾ’ ಕೂಡ ಬಂದು ಸೇರಿದಳು.