ಸಿಟಿ ವಿಟೆಕ್‌ಗೆ ಸ್ಟ್ರೋಕರ್ ಮಾಡಿಸೋ ಮುಂಚೆ

ಸ್ಟ್ರೋಕರ್ ಇಂಜಿನ್, ಅಂದರೆ ಪಿಸ್ಟನ್ ಓಡುವ ದೂರ ಹೆಚ್ಚಿಸಿ ದೊಡ್ಡದು ಮಾಡಿದ ಇಂಜಿನ್ನಿನ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಒಂದೇ, ಎಷ್ಟು ಸಿಸಿ ಆಗುತ್ತೆ ಅಂತ. ನನ್ನ ಪ್ರಕಾರ ಅದನ್ನ ಕೊನೆಗೆ ಕೇಳಬೇಕು. ಗಾಡಿ ದಿನಾ ಯಾವ ರಸ್ತೆಯಲ್ಲಿ, ಯಾವ ಗೇರಿನಲ್ಲಿ, ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಂಜಿನ್ ಎಷ್ಟು ಸುತ್ತು) ಓಡುತ್ತೆ ಅನ್ನೋದು ಮೊದಲು ಗೊತ್ತಾಗಬೇಕು. ಅದು ಗೊತ್ತಾದರೆ ಯಾವ ಕ್ರ್ಯಾಂಕ್, ಯಾವ ಪಿಸ್ಟನ್ ಅನ್ನೋದು ಅರ್ಧ ತೀರ್ಮಾನ ಆದ ಹಾಗೇ.

ಈಗ ಇದನ್ನ ಬರೆಯೋಕೆ ಕಾರಣ ಕುಮಟೆಯಲ್ಲಿರುವ ನಮ್ಮ ಭಾವ. ಅವನ ಹತ್ತಿರ ಹಳೆ ಹೋಂಡಾ ಸಿಟಿ ವಿಟೆಕ್ ಇದೆ, 2003ಕ್ಕೆ ತಯಾರಿಕೆ ನಿಂತುಹೋದ ಆ ತಗ್ಗು ಬಾನೆಟ್ಟಿನ ಗಾಡಿ. ಇಂಜಿನ್ ಈಗ ಆಯಿಲ್ ಕುಡಿಯೋಕೆ ಶುರು ಮಾಡಿದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ರಿಂಗ್ ಬದಲಿಸಲೇಬೇಕು. "ಹೆಂಗೂ ಬಿಚ್ಚೋದೇ ಆಯ್ತಲ್ಲ ಮಾರಾಯ, 1.6 ಮಾಡ್ಸಿಬಿಡ್ಲಾ?" ಅಂತ ಫೋನ್ ಮಾಡಿದ. ಪ್ರಶ್ನೆ ಸರಿಯಾಗಿದೆ. ಇಂಜಿನ್ ಹೇಗೂ ಬಿಚ್ಚುವ ಹೊತ್ತಿನಲ್ಲಿ ಮಾತ್ರ ಸ್ಟ್ರೋಕರ್ ಬಗ್ಗೆ ಯೋಚನೆ ಮಾಡೋದರಲ್ಲಿ ಅರ್ಥ ಇದೆ. ಚೆನ್ನಾಗಿ ಓಡುತ್ತಿರುವ ಇಂಜಿನ್ನನ್ನ ಇದಕ್ಕಾಗಿಯೇ ಬಿಚ್ಚಬೇಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಬೋರ್ ಅಂದರೆ ಸಿಲಿಂಡರಿನ ಅಗಲ, ಸ್ಟ್ರೋಕ್ ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ, ಕ್ರ್ಯಾಂಕ್ ಅಂದರೆ ಆ ಓಟವನ್ನ ಸುತ್ತಾಗಿ ಬದಲಿಸುವ ದಂಡ. ಬ್ಲಾಕ್ ಅದೇ ಇಟ್ಟುಕೊಂಡು ಸ್ಟ್ರೋಕ್ ಜಾಸ್ತಿ ಇರುವ ಕ್ರ್ಯಾಂಕ್ ಹಾಕಿದರೆ ಅದೇ ಸ್ಟ್ರೋಕರ್. ಅಮೆರಿಕದಲ್ಲಿ ಇದು ಮನೆಮಾತಾಗಿದ್ದು ಷೆವರ್ಲೆಯ 350 ಕ್ಯೂಬಿಕ್ ಇಂಚಿನ ಇಂಜಿನ್ನಿಂದ. 1970ರಲ್ಲಿ ಅವರದೇ 400 ಇಂಜಿನ್ ಬಂತು, ಅದರ ಸ್ಟ್ರೋಕ್ 3.75 ಇಂಚು. 350ರದ್ದು 3.48 ಇಂಚು. ಗುಜರಿಯಿಂದ 400ರ ಕ್ರ್ಯಾಂಕ್ ತಂದು, ಅದರ ಮೇನ್ ಜರ್ನಲ್ (ಬ್ಲಾಕಿನಲ್ಲಿ ಕೂತು ತಿರುಗುವ ಭಾಗ) ಸಣ್ಣ ಮಾಡಿ ಗ್ರೈಂಡ್ ಮಾಡಿಸಿ, 350 ಬ್ಲಾಕನ್ನ 30 ಥೌ (ಇಂಚಿನ ಸಾವಿರದ 30 ಭಾಗ) ಬೋರ್ ಮಾಡಿಸಿ ಕೂರಿಸಿದರೆ 383 ಕ್ಯೂಬಿಕ್ ಇಂಚು. ಒಂದೇ ಕಂಪನಿಯ ಎರಡು ಇಂಜಿನ್ನಿನ ಸಾಮಾನು ಸೇರಿಸಿ ಮಾಡಿದ ಕೆಲಸ ಅದು, ಅದಕ್ಕೇ ಅಷ್ಟು ಜನ ಮಾಡಿದರು.

ಹೋಂಡಾದಲ್ಲೂ ದಾರಿ ಹಾಗೇ ಇದೆ. ಸಿಟಿಯ ಡಿ15 ಇಂಜಿನ್ ಬೋರ್ 75 ಎಂಎಂ, ಸ್ಟ್ರೋಕ್ 84.5 ಎಂಎಂ, ಒಟ್ಟು 1493 ಸಿಸಿ. ಅದೇ ಮನೆತನದ ಡಿ16 ಇಂಜಿನ್ನಿಗೂ ಬೋರ್ 75 ಎಂಎಂ, ಆದರೆ ಸ್ಟ್ರೋಕ್ 90 ಎಂಎಂ. ಲೆಕ್ಕ ಹಾಕಿದರೆ 1590 ಸಿಸಿ. ಸ್ಟ್ರೋಕ್ ಬಿಟ್ಟು ಬೋರನ್ನೇ 1 ಎಂಎಂ ದೊಡ್ಡದು ಮಾಡಿದರೆ 1533 ಸಿಸಿ ಅಷ್ಟೇ, ಮೇಲಾಗಿ ಅಲ್ಯೂಮಿನಿಯಂ ಬ್ಲಾಕಿನೊಳಗಿನ ಕಬ್ಬಿಣದ ಸ್ಲೀವ್ ತೆಳ್ಳಗಾಗುತ್ತೆ. ಸ್ಟ್ರೋಕ್ ಕಡೆಯಿಂದ 97 ಸಿಸಿ ಸಿಗುತ್ತೆ.

97 ಸಿಸಿ ಅಂದರೆ ಶೇಕಡಾ 6.5. ಇದನ್ನ ಮನಸ್ಸಿನಲ್ಲಿ ಸರಿಯಾಗಿ ಇಟ್ಟುಕೊಳ್ಳಿ. ಉಳಿದದ್ದೆಲ್ಲ ಹಾಗೇ ಇದ್ದರೆ ಟಾರ್ಕ್ (ತಿರುಗಿಸುವ ಬಲ) ಕೂಡ ಹೆಚ್ಚುಕಮ್ಮಿ ಅಷ್ಟೇ ಏರುತ್ತೆ. ಪವರ್ ಅಷ್ಟೂ ಏರಲ್ಲ, ಯಾಕಂದರೆ ಬ್ಲಾಕಿನ ಮೇಲೆ ಕೂರುವ, ವಾಲ್ವ್ ಇರುವ ಹೆಡ್ಡಿನಲ್ಲಿ ಗಾಳಿ ಬರುವ ದಾರಿ ಮೊದಲಿನಷ್ಟೇ ಇದೆ. ಇಂಜಿನ್ ದೊಡ್ಡದಾಯಿತು, ಮೂಗು ದೊಡ್ಡದಾಗಲಿಲ್ಲ. ಹಾಗಾಗಿ ಟಾರ್ಕ್ ಸ್ವಲ್ಪ ಬೇಗ ಬರುತ್ತೆ, ಪವರಿನ ತುದಿಯೂ ಕಡಿಮೆ ಆರ್‌ಪಿಎಂಗೆ ಇಳಿಯುತ್ತೆ.

ಈಗ ರಸ್ತೆಗೆ ಬರೋಣ. ಭಾವ ಪದೇ ಪದೇ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವವನು. ಆ ಘಟ್ಟದಲ್ಲಿ ಯಾರೂ 6,800 ಆರ್‌ಪಿಎಂಗೆ ಎಳೆಯೋದಿಲ್ಲ, ಎಳೆಯಲೂಬಾರದು. ತಿರುವಿನಲ್ಲಿ ಎರಡನೇ ಗೇರು, ಮುಂದೆ ಸ್ವಲ್ಪ ನೇರ ಸಿಕ್ಕರೆ ಮೂರನೇ ಗೇರು, ಅಷ್ಟರಲ್ಲಿ ಎದುರಿಗೆ ಸರ್ಕಾರಿ ಬಸ್ಸು, ಮತ್ತೆ ಎರಡನೇ ಗೇರು. ಅರಬೈಲ್ ಘಟ್ಟದಲ್ಲಂತೂ ಲಾರಿ ಸಾಲಿನ ಹಿಂದೆ ತೆವಳುತ್ತಾ ಹೋಗಿ, ಜಾಗ ಸಿಕ್ಕಾಗ 2,500ರಿಂದ 4,500ರ ಒಳಗೆ ಗಾಡಿ ಎಷ್ಟು ಬೇಗ ಎದ್ದೇಳುತ್ತೆ ಅನ್ನೋದೇ ಮುಖ್ಯ. ಇಂಥ ರಸ್ತೆಗೆ ಸ್ಟ್ರೋಕ್ ಸರಿಯಾದ ಆಯ್ಕೆ. ಗೇರ್ ಇಳಿಸದೇ ತಿರುವು ದಾಟಬಹುದು, ಆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ. ಅದೇ ಯಾರಾದರೂ ಕಾರವಾರದಿಂದ ಭಟ್ಕಳದವರೆಗೆ ನಾಲ್ಕು ಪಥದ 66ರ ಹೆದ್ದಾರಿಯಲ್ಲೇ ಜಾಸ್ತಿ ಓಡಾಡುವವರಾದರೆ, ಅಥವಾ ವಿಟೆಕ್‌ನ (ವೇಗ ಏರಿದಾಗ ವಾಲ್ವ್ ಜಾಸ್ತಿ ತೆರೆಯುವ ಹೋಂಡಾ ವ್ಯವಸ್ಥೆ) ಮೇಲಿನ ಆರ್‌ಪಿಎಂ ಕೂಗನ್ನ ಪ್ರೀತಿಸುವವರಾದರೆ, ಅವರಿಗೆ ನಾನು ಸ್ಟ್ರೋಕರ್ ಹೇಳೋದಿಲ್ಲ. ಸ್ಟ್ಯಾಂಡರ್ಡ್ ಸ್ಟ್ರೋಕ್ ಇಟ್ಟುಕೊಂಡು ಹೆಡ್ ಕೆಲಸ ಚೆನ್ನಾಗಿ ಮಾಡಿಸಿ, ಆ ಇಂಜಿನ್ನಿನ ಗುಣ ಕೆಡಿಸಬೇಡಿ.

ಯಾಕೆ ಅಂದರೆ ಪಿಸ್ಟನ್ ವೇಗ. 84.5 ಎಂಎಂ ಸ್ಟ್ರೋಕಿನಲ್ಲಿ 6,800 ಆರ್‌ಪಿಎಂಗೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 19 ಮೀಟರ್ ಚಿಲ್ಲರೆ. 90 ಎಂಎಂ ಸ್ಟ್ರೋಕಿನಲ್ಲಿ ಅದೇ ವೇಗ ಸುಮಾರು 6,400ಕ್ಕೇ ಬಂದುಬಿಡುತ್ತೆ. ಇದೇನೂ ಅಪಾಯದ ಸಂಖ್ಯೆ ಅಲ್ಲ. ಆದರೆ ಪಿಸ್ಟನ್ನನ್ನ ಕ್ರ್ಯಾಂಕಿಗೆ ಜೋಡಿಸುವ ರಾಡಿಗೆ ಹಳೆ ಬೋಲ್ಟ್ ಹಾಕಿಕೊಂಡು ಹಳೆ ರೆಡ್‌ಲೈನ್ (ಆರ್‌ಪಿಎಂನ ಮೇಲಿನ ಮಿತಿ) ಕೂಡ ಬೇಕು ಅಂದರೆ ಆಗೋದಿಲ್ಲ. ರಾಡ್ ಬೋಲ್ಟ್ ಹೊಸದು ಹಾಕಿಸಿ, ರೆಡ್‌ಲೈನ್ 400 ಇಳಿಸಿ.

ಇನ್ನು ನಿಜವಾದ ತಲೆನೋವು. ಸ್ಟ್ರೋಕ್ 5.5 ಎಂಎಂ ಜಾಸ್ತಿ ಆದರೆ ಪಿಸ್ಟನ್ ಮೇಲಕ್ಕೆ 2.75 ಎಂಎಂ, ಕೆಳಕ್ಕೆ 2.75 ಎಂಎಂ ಜಾಸ್ತಿ ಹೋಗುತ್ತೆ. ಹಳೆ ರಾಡು, ಹಳೆ ಪಿಸ್ಟನ್ ಇಟ್ಟರೆ ಪಿಸ್ಟನ್ ಬ್ಲಾಕಿನಿಂದ ಮೇಲೆದ್ದು ಹೆಡ್ಡಿಗೆ ಹೊಡೆಯುತ್ತೆ. ಡಿ15 ಬ್ಲಾಕುಗಳು ಸಾಮಾನ್ಯವಾಗಿ ಡಿ16ಕ್ಕಿಂತ ಸುಮಾರು 5 ಎಂಎಂ ಗಿಡ್ಡ. ಕ್ರ್ಯಾಂಕಿನ ನಡುವಿನಿಂದ ಬ್ಲಾಕಿನ ತುದಿಯವರೆಗಿನ ಎತ್ತರ 207 ಎಂಎಂ ಅಂತ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಸ್ಟ್ರೋಕ್ 45 ಕಳೆಯಿರಿ, 134 ಎಂಎಂ ಉದ್ದದ ರಾಡ್ ಕಳೆಯಿರಿ, ಉಳಿಯೋದು 28 ಎಂಎಂ. ಪಿಸ್ಟನ್ ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗೆ ಅಷ್ಟರಲ್ಲೇ ಮುಗಿಯಬೇಕು. ಡಿ16ರ 137 ಎಂಎಂ ರಾಡ್ ಹಾಕಿದರೆ 25 ಎಂಎಂ ಮಾತ್ರ. ಪಿನ್ ಮೇಲಕ್ಕೆ ಹೋದಷ್ಟೂ ಆಯಿಲ್ ರಿಂಗಿನ ಜಾಗಕ್ಕೆ ಹತ್ತಿರ ಆಗುತ್ತೆ, ಪಿಸ್ಟನ್ ಗಿಡ್ಡ ಆದಷ್ಟೂ ಸಿಲಿಂಡರಿನಲ್ಲಿ ಅಲುಗಾಟ ಜಾಸ್ತಿ. ಆಯಿಲ್ ಕುಡಿಯುತ್ತೆ ಅಂತ ಇಂಜಿನ್ ಬಿಚ್ಚಿ, ಮತ್ತೆ ಆಯಿಲ್ ಕುಡಿಯುವ ಇಂಜಿನ್ ಕಟ್ಟಿದರೆ ಏನು ಬಂತು? ದಿನಾ ಓಡಿಸುವ ಗಾಡಿಗೆ 134ರ ರಾಡ್ ಸಾಕು ಅನ್ನೋದು ನನ್ನ ಅಭಿಪ್ರಾಯ.

ರಾಡ್ ರೇಷಿಯೋ ಬಗ್ಗೆ ಜನ ತುಂಬಾ ವಾದ ಮಾಡುತ್ತಾರೆ. ರಾಡಿನ ಉದ್ದವನ್ನ ಸ್ಟ್ರೋಕಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 134ಕ್ಕೆ 90 ಅಂದರೆ 1.49. ಕಡಿಮೆ ಆದಷ್ಟೂ ಪಿಸ್ಟನ್ ಸಿಲಿಂಡರ್ ಗೋಡೆಯನ್ನ ಜಾಸ್ತಿ ಒತ್ತುತ್ತೆ, ನಿಜ. ಆದರೆ ಹೋಂಡಾ ಕಾರ್ಖಾನೆಯಿಂದಲೇ ಬಂದ ಡಿ16 ಕೂಡ 137ಕ್ಕೆ 90, ಅಂದರೆ 1.52. ಅಷ್ಟರಲ್ಲಿ ಆ ಇಂಜಿನ್ನುಗಳು ವರ್ಷಗಟ್ಟಲೆ ಓಡಿವೆ. ಘಟ್ಟದ ಆರ್‌ಪಿಎಂಗೆ ಇದು ನಿದ್ದೆ ಕೆಡಿಸಿಕೊಳ್ಳುವ ವಿಷಯ ಅಲ್ಲ.

ಕ್ರ್ಯಾಂಕ್ ಕೊಳ್ಳುವಾಗ ಮಾತ್ರ ಮೈಕ್ರೋಮೀಟರ್ ಹಿಡಿದೇ ಹೋಗಿ. ಡಿ ಇಂಜಿನ್ನುಗಳಲ್ಲಿ ಮೇನ್ ಜರ್ನಲ್ ಅಳತೆ ಒಂದೇ ಇಲ್ಲ, 45 ಎಂಎಂ ಇರುವುದೂ ಇದೆ, 55 ಎಂಎಂ ಇರುವುದೂ ಇದೆ. ಮಾರುವವನು "ಕೂತ್ಕೊಳ್ತದೆ, ಏನೂ ತೊಂದ್ರೆ ಇಲ್ಲ" ಅಂದರೆ ಒಪ್ಪಬೇಡಿ. ನಿಮ್ಮ ಬ್ಲಾಕಿನ ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ತಾಳೆ ನೋಡಿ. ಹೊಂದುವ ಕ್ರ್ಯಾಂಕ್ ಸಿಗದಿದ್ದರೆ ಆಫ್‌ಸೆಟ್ ಗ್ರೈಂಡಿಂಗ್ ಅಂತ ಇನ್ನೊಂದು ದಾರಿ ಇದೆ, ಕ್ರ್ಯಾಂಕಿನಲ್ಲಿ ರಾಡ್ ಕೂರುವ ಜರ್ನಲ್ಲನ್ನ ಸಣ್ಣ ಮಾಡುತ್ತಾ ಅದರ ನಡುವನ್ನೇ ಹೊರಕ್ಕೆ ಸರಿಸೋದು. ಜರ್ನಲ್ 3 ಎಂಎಂ ಸಣ್ಣ ಆದರೆ ಸ್ಟ್ರೋಕ್ ಹೆಚ್ಚೆಂದರೆ 3 ಎಂಎಂ ಸಿಗುತ್ತೆ. ಅಷ್ಟಕ್ಕೆ ಬೇರೆ ರಾಡು, ಬೇರೆ ಬೇರಿಂಗ್ ಹುಡುಕಬೇಕು. ನನಗೆ ಅದು ಲಾಭ ಅನ್ನಿಸೋದಿಲ್ಲ.

ಟರ್ಬೊ ಇದ್ದರೆ ಲೆಕ್ಕವೇ ಬೇರೆ. ಮಿತ್ಸುಬಿಷಿ ಇವೊ ಕಾರಿನ 4ಜಿ63 ಇಂಜಿನ್ನಿನ ಸ್ಟ್ರೋಕ್ 88 ಎಂಎಂ, ಅದೇ ಮನೆತನದ 4ಜಿ64 ಕ್ರ್ಯಾಂಕಿನದ್ದು 100 ಎಂಎಂ. ಒಂದೇ ಸಲ 12 ಎಂಎಂ, 2 ಲೀಟರ್ ಇಂಜಿನ್ ಸುಮಾರು 2.3 ಆಗುತ್ತೆ, ಟರ್ಬೊ ಬೇಗ ಏಳುತ್ತೆ. ಅಲ್ಲಿ ಸ್ಟ್ರೋಕರ್ ಗಾಡಿಯ ಸ್ವಭಾವವನ್ನೇ ಬದಲಿಸುತ್ತೆ. ಸಿಟಿಯಲ್ಲಿ ಅಷ್ಟನ್ನ ನಿರೀಕ್ಷೆ ಮಾಡಬೇಡಿ.

ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಪೆಟ್ರೋಲ್ ಎಷ್ಟು ಪಟ್ಟು ಒತ್ತಿಕೊಳ್ಳುತ್ತೆ ಅನ್ನೋದರ ಬಗ್ಗೆ ನಮ್ಮ ಕರಾವಳಿಯವರು ಜಾಸ್ತಿ ಎಚ್ಚರ ಇರಬೇಕು. ಹೆಡ್ಡಿನ ಚೇಂಬರ್ ಅಷ್ಟೇ ಇದ್ದು ಸಿಸಿ ಜಾಸ್ತಿ ಆದರೆ ಕಂಪ್ರೆಷನ್ ತಾನಾಗೇ ಏರುತ್ತೆ. ಮೊದಲು 9.5 ಇದ್ದರೆ ಈಗ ಹತ್ತು ದಾಟುತ್ತೆ. ಏಪ್ರಿಲ್ ಸೆಕೆಯಲ್ಲಿ ಅಂಕೋಲಾದಿಂದ ಹೊರಟು, ಎಸಿ ಹಾಕಿಕೊಂಡು, ನಾಲ್ಕು ಜನ ಕೂತು ಘಟ್ಟ ಹತ್ತುವಾಗ ಇಂಜಿನ್ ಬಡಿಯೋಕೆ ಇಷ್ಟು ಸಾಕು. ಎಲ್ಲ ಬಂಕಿನಲ್ಲೂ 95 ಆಕ್ಟೇನ್ ಸಿಗೋದಿಲ್ಲ. ಪಿಸ್ಟನ್ ತಲೆಯಲ್ಲಿ ಸ್ವಲ್ಪ ತಗ್ಗು ಇರುವುದನ್ನ ಹಾಕಿಸಿ ಹತ್ತರ ಒಳಗೇ ಇಡಿ. ರೇಡಿಯೇಟರ್ ಹೊಸದು ಹಾಕಿಸಿ, ಫ್ಯಾನ್ ಸ್ವಿಚ್ ನೋಡಿ, ಇದಕ್ಕೆ ದುಡ್ಡು ಉಳಿಸಬೇಡಿ.

ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್ ವಿಷಯವನ್ನ ತುಂಬಾ ಜನ ಮರೆಯುತ್ತಾರೆ. ಹೋಂಡಾ ಇಸಿಯು ಮ್ಯಾನಿಫೋಲ್ಡ್ ಒತ್ತಡ ಮತ್ತು ಆರ್‌ಪಿಎಂ ನೋಡಿ ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕುತ್ತೆ. ಒಳಗೆ ಕೂತಿರುವುದು 1.6 ಅಂತ ಅದಕ್ಕೆ ಗೊತ್ತಿಲ್ಲ. ಮೆಲ್ಲಗೆ ಹೋಗುವಾಗ ಆಕ್ಸಿಜನ್ ಸೆನ್ಸರ್ ಸರಿ ಮಾಡಿಕೊಳ್ಳುತ್ತೆ. ಪೂರ್ತಿ ಒತ್ತಿದಾಗ ಆ ಸರಿಪಡಿಕೆ ಇರೋದಿಲ್ಲ. 12.5ರಷ್ಟಿದ್ದ ಗಾಳಿ ಪೆಟ್ರೋಲ್ ಅನುಪಾತ 13.3ರ ಹತ್ತಿರ ಹೋಗುತ್ತೆ, ಘಟ್ಟದಲ್ಲಿ, ಬಿಸಿಯಲ್ಲಿ, ಬೇಕಾದ ಹೊತ್ತಿನಲ್ಲೇ ಲೀನ್, ಅಂದರೆ ಪೆಟ್ರೋಲ್ ಕಮ್ಮಿ. ಟ್ಯೂನಿಂಗ್‌ಗೆ ದುಡ್ಡು ಇಲ್ಲದಿದ್ದರೆ ಸ್ಟ್ರೋಕರ್ ಬೇಡ, ಇದನ್ನ ಭಾವನಿಗೂ ನೇರವಾಗಿಯೇ ಹೇಳಿದೆ.

ಕಾಗದದ ಕಡೆ. ಆರ್‌ಸಿಯಲ್ಲಿ 1493 ಅಂತ ಇರುತ್ತೆ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಬ್ಲಾಕ್ ನಂಬರ್ ಅದೇ ಇರುತ್ತಲ್ಲ, ಯಾರಿಗೆ ಗೊತ್ತಾಗುತ್ತೆ ಅನ್ನುವವರಿದ್ದಾರೆ. ಥರ್ಡ್ ಪಾರ್ಟಿ ವಿಮೆಯ ಸ್ಲ್ಯಾಬ್ 1500 ಸಿಸಿಗೆ ಬದಲಾಗುತ್ತೆ. 2022ರಲ್ಲಿ ಬಂದ ದರದಲ್ಲಿ 1000ದಿಂದ 1500 ಸಿಸಿಯವರೆಗೆ 3,416 ರೂಪಾಯಿ, ಮೇಲೆ 7,897 ರೂಪಾಯಿ. ನಾಳೆ ಯಾರಿಗಾದರೂ ಪೆಟ್ಟಾದರೆ ಆ ವ್ಯತ್ಯಾಸವೇ ನಿಮ್ಮ ವಿರುದ್ಧ ನಿಲ್ಲಬಹುದು. ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ. ಆಗಲ್ಲ ಅಂದರೆ ಸ್ಟ್ಯಾಂಡರ್ಡ್ ಸ್ಟ್ರೋಕಿನಲ್ಲೇ ಒಳ್ಳೆ ರೀಬಿಲ್ಡ್ ಮಾಡಿಸಿ. ಹೊಸ ರಿಂಗು, ಸರಿಯಾದ ವಾಲ್ವ್ ಸೀಟು, ಬ್ಯಾಲೆನ್ಸ್ ಮಾಡಿದ ಕ್ರ್ಯಾಂಕ್ ಇರುವ 1.5 ಕೂಡ ಘಟ್ಟದಲ್ಲಿ ಖುಷಿ ಕೊಡುತ್ತೆ.

ಮಾಡಿಸೋದೇ ಆದರೆ ಮಶೀನ್ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿ. ಬೋರಿಂಗ್ ಮಾಡುವ ಮೊದಲು ಪಿಸ್ಟನ್ ಅವರ ಕೈಗೆ ಕೊಡಿ, ಪುಸ್ತಕದ ಅಳತೆಗೆ ಬೋರ್ ಮಾಡಿಸಬೇಡಿ. ಕ್ರ್ಯಾಂಕ್ ಕೂರಿಸಿದ ಮೇಲೆ ರಾಡ್ ಬೋಲ್ಟು ಬ್ಲಾಕಿಗೆ, ಆಯಿಲ್ ಪ್ಯಾನಿಗೆ ತಾಗದ ಹಾಗೆ ಒಂದೂವರೆ ಎಂಎಂ ಜಾಗ ಇದೆಯಾ ಅಂತ ಕೈಯಲ್ಲಿ ತಿರುಗಿಸಿ ನಾಲ್ಕೂ ಸಿಲಿಂಡರ್ ನೋಡಿ. ಮತ್ತೆ ಜೂನ್, ಜುಲೈನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಹೋನಿಂಗ್ ಆದ (ಕಲ್ಲಿನಿಂದ ಒಳಗೋಡೆ ಉಜ್ಜಿದ) ಸಿಲಿಂಡರಿಗೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತೆ. ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ತಕ್ಷಣ ಆಯಿಲ್ ಸವರಿ ಪ್ಲಾಸ್ಟಿಕ್ ಸುತ್ತಿಸಿಕೊಂಡೇ ಮಶೀನ್ ಶಾಪಿನಿಂದ ಹೊರಡಿ. ಭಾವನಿಗೆ ನವೆಂಬರ್ ಅಂತ ಹೇಳಿದ್ದೇನೆ, ಅಷ್ಟರೊಳಗೆ ಅವನು ಈಗಿನ ಕ್ರ್ಯಾಂಕಿನ ಮೇನ್ ಜರ್ನಲ್ ಅಳತೆ ಕಳಿಸಬೇಕು.